ರಕ್ತ ಕೊಡುವವರೆಗೆ

ಸ್ಪಿರಿಟ್ಟಿನ ವಾಸನೆ ಬಂದರೆ ಈಗಲೂ ಮುಂಬೈ ಹತ್ತಿರದ ಡೊಂಬಿವಲಿಯ ಆ ಬೆಳಗು ನೆನಪಾಗುತ್ತದೆ. ಎಂಟು ವರ್ಷದ ನಾನು ಅಡ್ರಿನಲ್ ಗ್ರಂಥಿಯ ತೊಂದರೆಗೆ ದಿನಾ ಎದ್ದ ಕೂಡಲೇ ಗುಳಿಗೆ ನುಂಗುತ್ತಿದ್ದೆ. ಅಂದು ಮಾತ್ರ ಹಾರ್ಮೋನ್ ಪರೀಕ್ಷೆಗೆ ರಕ್ತ ಕೊಟ್ಟ ಮೇಲೆಯೇ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಗುಳಿಗೆ ತಡವಾಗಿ, ಲ್ಯಾಬಿನ ಬೆಂಚಿನ ಮೇಲೆ ಕೂತಲ್ಲೇ ನನ್ನ ಕೈಕಾಲು ಸೋತುಹೋದವು.

"ಇನ್ನ ಒಂದ ನಂಬರ್ ಐತಿ, ತಡಕೋ ನಮ್ಮವ್ವ," ಎಂದರು ಅಪ್ಪ.

ನಮಗಿಂತ ಮುಂದಿದ್ದ ಉಡುಪಿ ಕಡೆಯ ಅಜ್ಜಿ ತಿರುಗಿ ನೋಡಿದರು. "ಮಗುವನ್ನು ಮೊದಲು ಕರ್ಕೊಂಡು ಹೋಗಿ ಮಾರಾಯ್ರೆ, ನಾನು ಆಮೇಲೆ ಕೊಡ್ತೇನೆ."

ರಕ್ತ ತೆಗೆದದ್ದೇ ತಡ, ಅಪ್ಪ ಮುಷ್ಟಿ ಬಿಚ್ಚಿದರು. ಮನೆಯಿಂದ ಹಿಡಿದು ತಂದ ಗುಳಿಗೆ ಬೆವರಿಗೆ ಕರಗಿ ಹಿಟ್ಟಾಗಿತ್ತು. ಅವರು ಗಾಬರಿಯಿಂದ ಜೇಬಿನಲ್ಲಿ ಇನ್ನೊಂದನ್ನು ಹುಡುಕುವಷ್ಟರಲ್ಲಿ, ನಾನು ಅವರ ಅಂಗೈಯನ್ನೇ ನೆಕ್ಕಿಬಿಟ್ಟಿದ್ದೆ.