ಹೆನ್ನಿಂಗ್ ಮನೆಯಲ್ಲಿ ಇಲ್ಲದ್ದು

“ಹೆನ್ನಿಂಗ್ ಮನೇಲಿ ಯಾವ್ದು ಇಲ್ವೋ ಅದನ್ನೇ ಕೊಡಮ್ಮ,” ಎಂದ ಟೊರ್ಕೆಲ್.

ಕಾಲ್ಮಾರ್ ಪೇಟೆಯ ವಿಡಿಯೋ ಗೇಮ್ ಅಂಗಡಿಯ ಹುಡುಗಿ ಕಾಲು ಗಂಟೆಯಿಂದ ಎರಡು ಕನ್ಸೋಲ್‌ಗಳ ಗುಣಗಾನ ಮಾಡಿ ಬಾಯಿ ಒಣಗಿಸಿಕೊಂಡಿದ್ದಳು. ಒಂದರ ಚಿತ್ರ ಹೇಗೆ ಹೊಳೆಯುತ್ತದೆ, ಇನ್ನೊಂದು ಎಷ್ಟು ಚುರುಕು, ಯಾವುದರ ಹೊಟ್ಟೆಯಲ್ಲಿ ಎಷ್ಟು ಆಟ ಹಿಡಿಯುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಟೊರ್ಕೆಲ್ ಬಸ್ ಡ್ರೈವರ್. ಯಾರು ಎಷ್ಟು ಮಾತಾಡಿದರೂ ತಲೆಯಾಡಿಸಿ ಅಭ್ಯಾಸ.

“ಹೆನ್ನಿಂಗ್ ಅಂದ್ರೆ ಯಾರು?”

“ನನ್ನ ಹೆಂಡ್ತಿ ಗಂಡ.”

ಹುಡುಗಿಯ ಹುಬ್ಬು ಕೂಡ ಏರಲಿಲ್ಲ. “ಓ, ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ನಾನೂ ಹಾಗೇ ಬೆಳೆದೋಳು. ನಮ್ಮಪ್ಪ ಪಾಪ ಕುದುರೆ ತಗೊಂಡಿದ್ರು.”

“ಆಮೇಲೆ?”

“ನಂಗೆ ಕುದುರೆ ಕಂಡ್ರೆ ಭಯ. ಇರ್ಲಿ, ಅವರ ಮನೇಲಿ ಯಾವ್ದಿದೆ?”

“ಬಿಳೀದು.”

“ಹಾಗಾದ್ರೆ ಕರೀದು ತಗೊಳ್ಳಿ. ಇದನ್ನ ಮೊದ್ಲೇ ಹೇಳಿದ್ರೆ ನನ್ನ ಗಂಟ್ಲಾದ್ರೂ ಉಳೀತಿತ್ತು.”

ಟೊರ್ಕೆಲ್‌ನ ಮಗಳು ಸ್ವೇಯಾಗೆ ಹನ್ನೊಂದು ವರ್ಷ. ಅಪ್ಪ ಅಮ್ಮ ಬೇರೆಯಾದಂದಿನಿಂದ ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಅವಳು ಮನೆ ಬದಲಿಸಬೇಕು; ಒಂದು ವಾರ ಅಪ್ಪನದು, ಒಂದು ವಾರ ಅಮ್ಮನದು. ಮೂರು ವರ್ಷ ಇದು ಗಡಿಯಾರದ ಹಾಗೆ ನಡೆದಿತ್ತು. ಅಮ್ಮ ಪಿಯಾಳ ಮನೆಗೆ ಆ ಬಿಳಿ ಕನ್ಸೋಲ್ ಬಂದದ್ದೇ ಬಂದದ್ದು, ಅಪ್ಪನ ವಾರ ಬಂದಾಗಲೆಲ್ಲ “ಅಪ್ಪಾ, ನಾಳೆ ಬರ್ಲಾ? ಸ್ವಲ್ಪ ಬಾಕಿ ಇದೆ” ಎಂಬ ಫೋನು ಶುರುವಾಯಿತು. ಕಳೆದ ಸಲ ಬಂದದ್ದು ಭಾನುವಾರ ಸಂಜೆ. ಇದೇ ಲೆಕ್ಕದಲ್ಲಿ ಹೋದರೆ ಕ್ರಿಸ್‌ಮಸ್ ಹೊತ್ತಿಗೆ ತಾನು ಹೆಸರಿಗಷ್ಟೇ ಅಪ್ಪನಾಗಿ ಉಳಿಯುತ್ತೇನೆ ಎಂದು ಟೊರ್ಕೆಲ್‌ಗೆ ನಿಜವಾಗಿಯೂ ದಿಗಿಲಾಗಿತ್ತು. ಬಿಳಿಯದನ್ನೇ ಕೊಳ್ಳೋಣವೆಂದರೆ, ಅಲ್ಲಿರುವುದೇ ಇಲ್ಲೂ ಇದ್ದರೆ ಅವಳು ಇಲ್ಲಿಗೇಕೆ ಬರಬೇಕು? ಮನೆಯಲ್ಲಿ ಮಾಡಿದ ಸಾರನ್ನೇ ಕುಡಿಯಲು ಯಾರೂ ಹೋಟೆಲಿಗೆ ಹೋಗುವುದಿಲ್ಲ. ಅವನ ತರ್ಕ ಅಷ್ಟು ಗಟ್ಟಿಯಾಗಿತ್ತು.

ಶುಕ್ರವಾರ ಐದಕ್ಕೆ ಸರಿಯಾಗಿ ಬೆಲ್ ಆಯಿತು. ‘ಒಂದು ವಿಶೇಷ ಇದೆ’ ಎಂದು ಹೇಳಿಟ್ಟಿದ್ದರ ಫಲ. ಸ್ವೇಯಾಳ ಹಿಂದೆ ಅವಳ ಸಾಮಾನು ಹೊತ್ತ ಹೆನ್ನಿಂಗ್ ಎಂದಿನಂತೆ ಬಾಗಿಲಲ್ಲೇ ಶೂ ಬಿಚ್ಚಿ ಕಾಲುಚೀಲದಲ್ಲಿ ನಿಂತ. ಟೊರ್ಕೆಲ್‌ನ ದೊಡ್ಡ ಸಂಕಟವೇ ಈ ಹೆನ್ನಿಂಗ್. ಬಾಯಿ ತುಂಬ ಬೈಯೋಣವೆಂದರೆ ಒಂದೇ ಒಂದು ಕಾರಣವನ್ನೂ ಕೊಡದ ಆಸಾಮಿ.

ಟಿವಿಯ ಕೆಳಗೆ ಹೊಸ ಕರಿ ಕನ್ಸೋಲ್ ಮದುವೆ ಗಂಡಿನಂತೆ ಕೂತಿತ್ತು. ಸ್ವೇಯಾ ನೋಡಿದಳು. “ಓ,” ಎಂದಳು. ಸ್ವಲ್ಪ ತಡೆದು, “ಚೆನ್ನಾಗಿದೆ ಅಪ್ಪಾ,” ಎಂದಳು. ಅಜ್ಜಿ ಹೆಣೆದುಕೊಟ್ಟ ಸ್ವೆಟರ್ ಬಗ್ಗೆಯೂ ಅವಳು ಇದೇ ದನಿಯಲ್ಲಿ ಹೀಗೇ ಹೇಳಿದ್ದಳು.

ಹೆನ್ನಿಂಗ್ ಮಾತ್ರ ಬಗ್ಗಿ ಬಗ್ಗಿ ನೋಡಿದ. “ಭಲೇ! ನಂಗೂ ಇದೇ ಬೇಕಿತ್ತು. ಪಿಯಾ ಸುತರಾಂ ಬೇಡ ಅಂದ್ಳು.”

“ಯಾಕೆ? ಇದರಲ್ಲಿ ಆಟ ಕಡಿಮೆನಾ?”

“ನಮ್ಮ ಪುಸ್ತಕದ ಕಪಾಟು ಬಿಳೀದಲ್ವಾ. ಕರೀದು ಒಪ್ಪಲ್ಲ ಅಂತ.” ಹೆನ್ನಿಂಗ್ ನಿಟ್ಟುಸಿರು ಬಿಟ್ಟ. “ನೀವು ಬಿಡಿ, ನಾಲ್ಕು ಕಡೆ ವಿಚಾರಿಸಿ, ತೂಗಿ ನೋಡಿ ತಗೊಂಡಿರ್ತೀರಿ.”

“ಹೂಂ,” ಎಂದ ಟೊರ್ಕೆಲ್. “ಚಿತ್ರ ತುಂಬಾ ಹೊಳೆಯುತ್ತೆ.”

ಸ್ವೇಯಾ ಇಬ್ಬರ ಮುಖವನ್ನೂ ನೋಡಿದಳು. “ಆಡೋಳು ನಾನು. ನನ್ನನ್ನ ಯಾರೂ ಕೇಳಲೇ ಇಲ್ಲ.”

“ಈಗ ಕೇಳ್ತೀನಿ ಪುಟ್ಟಿ,” ಎಂದ ಟೊರ್ಕೆಲ್. “ನಿಜ ಹೇಳು, ಎರಡರಲ್ಲಿ ಯಾವ್ದು ಒಳ್ಳೇದು?”

“ಕರೀದೇ. ನಮ್ಮ ಕ್ಲಾಸಲ್ಲಿ ಎಲ್ಲರೂ ಹಾಗೇ ಹೇಳ್ತಾರೆ.”

ಟೊರ್ಕೆಲ್‌ನ ಎದೆ ಒಂದು ಅಂಗುಲ ಉಬ್ಬಿತು. ಬೇಡವೆಂದರೂ ಕಣ್ಣು ಹೆನ್ನಿಂಗ್ ಕಡೆ ಹೋಯಿತು.

“ಆದ್ರೆ ನಂಗೆ ಬಿಳೀದು ಬೇಕು,” ಎಂದಳು ಮಗಳು.

ಉಬ್ಬಿದ್ದು ಅಷ್ಟೇ ಬೇಗ ಇಳಿಯಿತು. ಎರಡು ತಿಂಗಳಿಂದ ನುಂಗಿಕೊಂಡಿದ್ದ ಮಾತು ಬಾಯಿ ತಪ್ಪಿ ಬಂದೇ ಬಿಟ್ಟಿತು. “ಅಲ್ಲೇ ಇರೋಕೆ ಇಷ್ಟ ಅಂತ ನೇರವಾಗಿ ಹೇಳಬಾರ್ದಾ, ಸ್ವೇಯಾ?”

ಹೆನ್ನಿಂಗ್ ತನ್ನ ಕಾಲುಚೀಲವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಸ್ವೇಯಾಗೆ ಮಾತ್ರ ಅಪ್ಪನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಅಲ್ಲೇ ಇರೋಕೆ ಅಂತ ಯಾರು ಹೇಳಿದ್ರು? ಇಲ್ಲೂ ಬಿಳೀದು ಬೇಕು ಅಂದೆ. ಅದರ ಆಟದಲ್ಲಿ ನಾನೊಂದು ಮನೆ ಕಟ್ಟಿದೀನಿ ಅಪ್ಪಾ, ನನ್ನದೇ ಮನೆ. ಕರೀದರಲ್ಲಿ ಅದು ತೆರೆಯಲ್ಲ. ಎರಡೂ ಕಡೆ ಬಿಳೀದಿದ್ರೆ ಎಲ್ಲಿ ಕೂತ್ರೂ ಅದರೊಳಗೆ ಹೋಗಬಹುದು. ಶುಕ್ರವಾರ ಬಂತು ಅಂತ ಅದೊಂದು ಮನೆನಾದ್ರೂ ಖಾಲಿ ಮಾಡ್ಬೇಕಾಗಿಲ್ಲ.”