ಚನ್ನಕ್ಕನ ಕಾಯಿ

ಕಾಣಿಕೆ ಒಪ್ಪಿಸುವ ಸಾಲಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಿಡಿದವರ ಹಿಂದೆ ಪಕ್ಕದ ಮನೆಯ ಚನ್ನಕ್ಕನೂ ತೆಂಗಿನಕಾಯಿ ಹಿಡಿದು ನಿಂತಿರುವುದನ್ನು ಕಂಡು ಆರೋಗ್ಯಮ್ಮ ಬೆಂಚಿನಿಂದ ಅರ್ಧ ಎದ್ದಳು. “ನಾಳೆ ಚರ್ಚಲ್ಲಿ ನಮ್ ರಾಯಪ್ಪನ ಮೊದಲ್ನೇ ಪೂಜೆ, ಬಂದ್ಬಿಡಕ್ಕ” ಎಂದು ಮಗನ ಪೂಜೆಗೆ ಕರೆದು ಬಂದವಳು ತಾನೇ. ಪೂಜೆ ಅಂದಮೇಲೆ ಚನ್ನಕ್ಕ ಬರಿಗೈಯಲ್ಲಿ ಬರುವವಳೇ?

ಚರ್ಚಿನ ಉಪದೇಶಿ ಚೌರಪ್ಪ ಅಡ್ಡ ಬಂದು ಪಿಸುಗುಟ್ಟಿದ. “ಇದು ಕೊಡಿಗೇಹಳ್ಳಿ ಮಾರಮ್ಮನ ಗುಡಿ ಅಲ್ಲ ಕಣಮ್ಮ. ಮುಂದ್ಗಡೆ ರೋಮಿನ ಗುರುಗಳು ಕೂತವ್ರೆ, ರಾಯಪ್ಪಸ್ವಾಮಿಗೆ ಪಾಠ ಹೇಳ್ದೋರು. ಏನಂದ್ಕೊಂಡಾರು?”

“ಅವ್ರು ಪಾಠ ಹೇಳೋಕ್ ಮುಂಚೆ ಅವನ್ಗೆ ಮುದ್ದೆ ನುಂಗೋದು ಕಲ್ಸಿದ್ದು ನಾನಪ್ಪ” ಎಂದು ಚನ್ನಕ್ಕ ಮುಂದೆ ನಡೆದಳು.

ಮೊನ್ನೆಯಷ್ಟೇ ಗುರುದೀಕ್ಷೆ ಪಡೆದ ರಾಯಪ್ಪ ಬಲಿಪೀಠದ ಮುಂದೆ ನಿಂತು ರೊಟ್ಟಿ ತೆಗೆದುಕೊಂಡ, ದ್ರಾಕ್ಷಾರಸ ತೆಗೆದುಕೊಂಡ. ಕಾಯಿ ನೋಡಿ ಒಂದು ಗಳಿಗೆ ರೋಮಿನ ಗುರುಗಳಿದ್ದ ಮುಂದಿನ ಸಾಲಿನತ್ತ ಕಣ್ಣು ಹಾಯಿಸಿದ. ಬೇಡ ಅಂದುಬಿಟ್ಟರೆ ಚನ್ನಕ್ಕನ ಮುಖ ನಾಳೆ ಹೇಗೆ ನೋಡುವುದು ಎಂದು ಆರೋಗ್ಯಮ್ಮ ಜಪಮಣಿಯನ್ನು ಬಿಗಿಹಿಡಿದಳು. ರಾಯಪ್ಪ ಕಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಪೀಠದ ಮೇಲಿಟ್ಟ. ಆಮೇಲೆ, ಏನೋ ನೆನಪಾದವನಂತೆ, ಜುಟ್ಟು ಶಿಲುಬೆಯ ಕಡೆಗೆ ಬರುವಂತೆ ಅದನ್ನು ಮೆಲ್ಲಗೆ ತಿರುಗಿಸಿದ.

“ಜುಟ್ಟು ದೇವ್ರ ಕಡೀಕಿರ್ಬೇಕು ಅಂತ ಅವನ್ಗೆ ಹೇಳ್ಕೊಟ್ಟಿದ್ದೂ ನಾನೇ” ಎಂದಳು ಚನ್ನಕ್ಕ, ಬಂದು ಪಕ್ಕದಲ್ಲಿ ಕೂರುತ್ತಾ.

“ಹೌದಕ್ಕ, ನೀನೇ” ಎಂದಳು ಆರೋಗ್ಯಮ್ಮ, ಮುಂದಿನ ಸಾಲಿಗೂ ಕೇಳುವಂತೆ.