ಹದಿನೇಳನೇ ಚುಕ್ಕೆ

ಓದುವ ಮುನ್ನ ನಿಮ್ಮ ಫೋನಿನ ಸಿಗ್ನಲ್ ಕಡ್ಡಿಗಳನ್ನು ಒಮ್ಮೆ ನೋಡಿ... ಇದ್ದರೆ ನೀವು ಪುಣ್ಯವಂತರು.

ಪ್ರಭುಲಿಂಗ ಎಂ.ಟೆಕ್ ವಿದ್ಯಾರ್ಥಿ. ಇಳಕಲ್ ಕಡೆಯ ಒಂದು ಕಲ್ಲಿನ ಕ್ವಾರಿಯಲ್ಲಿ ಕಾರ್ಮಿಕರ ಇಪ್ಪತ್ನಾಲ್ಕು ಶೆಡ್ಡುಗಳು. ಅವುಗಳಿಗೆ ಫೋನ್ ಸಿಗ್ನಲ್ ತಲುಪಿಸುವುದು ಅವನ ಪ್ರಾಜೆಕ್ಟ್. ಇಂಥ ಪ್ರಾಜೆಕ್ಟುಗಳ ಸ್ಪರ್ಧೆಯೊಂದಿತ್ತು; ಅದರಲ್ಲಿ ಗೆಲ್ಲುವ ಪ್ಲಾನಿನಂತೆಯೇ ಒಂದು ಸಂಸ್ಥೆ ನಿಜವಾದ ಕಂಬ ನೆಡುವುದಿತ್ತು.

ಸರ್ವೆಗೆ ಹೋದ ದಿನ ಅವನ ಕೈ ಹಿಡಿದು ಕ್ವಾರಿಯ ತಳಕ್ಕೆ ಇಳಿಸಿದವನು ಯಮನಪ್ಪ. ಅಲ್ಲಿ ಬಂಡೆಯ ಮರೆಯಲ್ಲಿದ್ದ ಶೆಡ್ಡು ಅವನದೇ. ಹೆಂಡತಿ ಈರಮ್ಮ ಮಜ್ಜಿಗೆ ಕೊಟ್ಟಳು.

ಈಗ ಬಿಟ್ಟಿಯಾಗಿ ಸಿಗುವ ಸಾಫ್ಟ್‌ವೇರ್‌ಗಳಿವೆ... ಕಂಬ ನೆಡುವ ಮೊದಲೇ ಇಡೀ ನೆಟ್‌ವರ್ಕನ್ನು ಕಂಪ್ಯೂಟರಿನೊಳಗೆ ಕಟ್ಟಿ ನೋಡಬಹುದು. ಅದರ ಕೋಡನ್ನು ಯಾರು ಬೇಕಾದರೂ ತಿದ್ದಬಹುದು.

ಪರದೆಯ ಮೇಲೆ ಒಂದು ಶೆಡ್ಡಿಗೆ ಒಂದು ಚುಕ್ಕೆ; ಸಿಗ್ನಲ್ ತಲುಪಿದರೆ ಹಸಿರು. ಇಪ್ಪತ್ಮೂರು ಹಸಿರಾದವು. ಹದಿನೇಳನೆಯದು ಮಾತ್ರ ಕೆಂಪು... ಅದು ಯಮನಪ್ಪನ ಶೆಡ್ಡು. ನಡುವೆ ಬಂಡೆ ಅಡ್ಡ ಇತ್ತು.

ಕಂಬಗಳ ಜಾಗ ಬದಲಿಸಿ ಮತ್ತೆ ನೋಡಬೇಕಿತ್ತು. ನಾಳೆಯೇ ಸ್ಪರ್ಧೆ. ಪುಣ್ಯಾತ್ಮ ಏನು ಮಾಡಿದ ಗೊತ್ತೇ?

ಕೋಡಿನಲ್ಲಿ ಹದಿನೇಳನೇ ಶೆಡ್ಡಿನ ಸಾಲಿನ ಮುಂದೆ ಎರಡು ಓರೆ ಗೀಟು ಹಾಕಿದ. ಅಷ್ಟೇ... ಗೀಟು ಬಿದ್ದ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ.

ಕೆಂಪು ಚುಕ್ಕೆಯೇ ಮಾಯ... ನೂರಕ್ಕೆ ನೂರು! ಮೊದಲ ಬಹುಮಾನ. ಚಪ್ಪಾಳೆಯೋ ಚಪ್ಪಾಳೆ.

ಅದೇ ಪ್ಲಾನಿನಂತೆ ಕಂಬಗಳು ಎದ್ದವು. ಐದು ತಿಂಗಳ ನಂತರ ಫೋಟೋ ತೆಗೆಯಲು ಪ್ರಭುಲಿಂಗ ಮತ್ತೆ ಹೋದ. ಈರಮ್ಮನ ಹಣೆಯಲ್ಲಿ ಕುಂಕುಮ ಇರಲಿಲ್ಲ.

ಶೆಡ್ಡಿನ ಹತ್ತಿರವೇ ಯಮನಪ್ಪನ ಕಾಲ ಮೇಲೆ ಕಲ್ಲು ಉರುಳಿತ್ತಂತೆ. ರಕ್ತ ನಿಲ್ಲಲಿಲ್ಲ. ಆಂಬುಲೆನ್ಸಿಗೆ ಎಷ್ಟು ಸಲ ಒತ್ತಿದರೂ ಫೋನ್ ಹತ್ತಲಿಲ್ಲ. ಸಿಗ್ನಲ್ ಹುಡುಕುತ್ತ ಅವಳು ಕ್ವಾರಿಯ ಮೇಲಂಚಿಗೆ ಏರಿ, ಮಾತಾಡಿ, ಇಳಿದು ಬರುವಷ್ಟರಲ್ಲಿ... ಎಲ್ಲ ಮುಗಿದಿತ್ತು.

ಇಷ್ಟು ಹೇಳಿ ಅವಳೇ ಅವನನ್ನು ಸಮಾಧಾನ ಮಾಡಿದಳು.

"ನಮ್ಮ ಮನಿ ನಿನ್ನ ಕಂಪ್ಯೂಟರಿನಾಗ ಕಂಡಿರಲಿಕ್ಕಿಲ್ಲ ಬಿಡೋ ತಮ್ಮಾ... ಕಂಡಿದ್ರ ನೀ ಬಿಡತಿದ್ದಿಲ್ಲ."

ಪ್ರಭುಲಿಂಗ ಹೌದೆಂದು ತಲೆಯಾಡಿಸಿ ಹೊರಟುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಕಂಡಿತ್ತಕ್ಕಾ... ನಾನೇ ತಗದೆ."

ಈರಮ್ಮ ಅವನ ಮುಂದೆ ತಾನೇ ಇಟ್ಟಿದ್ದ ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅವನು ಬಹುಮಾನ ಹಿಂತಿರುಗಿಸಿದ, ತನ್ನ ತಪ್ಪನ್ನು ಸಂಸ್ಥೆಗೆ ಬರೆದುಕೊಟ್ಟ. ಆ ಎರಡು ಗೀಟು ಅಳಿಸಿ, ಹದಿನೇಳನೇ ಚುಕ್ಕೆ ಹಸಿರಾಗುವ ತನಕ ಕೂತು ಪ್ಲಾನ್ ತಿದ್ದಿದ. ಕ್ವಾರಿಯ ಅಂಚಿನಲ್ಲಿ ಇನ್ನೊಂದು ಕಂಬ ಎದ್ದಿತು.

ಈಗ ಆ ಶೆಡ್ಡಿನಲ್ಲಿ ಸಿಗ್ನಲ್ ತುಂಬಾ ಚೆನ್ನಾಗಿ ಸಿಗುತ್ತದೆ... ಈರಮ್ಮನಿಗೆ ಫೋನ್ ಮಾಡಲು ಯಾರೂ ಉಳಿದಿಲ್ಲ.

*ನಾವು ಗೀಟು ಹಾಕಿ ಮರೆಸುವ ಒಂದು ಚುಕ್ಕೆ, ಇನ್ನೊಬ್ಬರಿಗೆ ಇಡೀ ಮನೆ.*

ನಿಮ್ಮ ನೂರಕ್ಕೆ ನೂರರಲ್ಲಿ... ನೀವು ಯಾರನ್ನು ಬಿಟ್ಟಿದ್ದೀರಿ?